ಕಲ್ಯಾಣದ ಬಾಗಿಲಲ್ಲಿ ಒಂದು ಪ್ರಶ್ನೆ: ಮಂಟೇಸ್ವಾಮಿ ಕಾವ್ಯ ಮತ್ತು ವೈಚಾರಿಕತೆಯ ಚರಿತ್ರೆ

ಸಾಂಸ್ಥಿಕ ಧರ್ಮವನ್ನು ಪ್ರಶ್ನಿಸುವ ಮನೋಧರ್ಮವು ಕರ್ನಾಟಕಕ್ಕೆ ಇಂಗ್ಲಿಷ್ ಶಿಕ್ಷಣದೊಂದಿಗೆ ಬಂದಿತೆಂಬ ಅಭಿಪ್ರಾಯವೊಂದಿದೆ. ಇದಕ್ಕೆ ಪ್ರತಿಯಾಗಿ, ಜನಪದರನ್ನು ಹುಟ್ಟು ವಿಚಾರವಾದಿಗಳೆಂದು ಕೊಂಡಾಡುವ ಬರಹಗಳೂ ಉಂಟು. ಈ ಎರಡೂ ನಿಲುವುಗಳು ಅರ್ಧಸತ್ಯಗಳೆಂಬುದನ್ನು ಮಂಟೇಸ್ವಾಮಿ ಕಾವ್ಯದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಯ ನೀಲಗಾರರು ತಂಬೂರಿ, ಗಗ್ಗರ, ಡಿಕ್ಕಿಗಳೊಂದಿಗೆ ಈ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಇದರ ಆರಂಭದ ಮುಖ್ಯ ಘಟ್ಟ ನಡೆಯುವುದು ಬಸವಣ್ಣನವರ ಕಲ್ಯಾಣದಲ್ಲಿ. ಅಲ್ಲಿ ವಿಭೂತಿ, ಲಿಂಗಧಾರಣೆಗಳ ಹೆಸರಿನಲ್ಲಿ ದಾಸೋಹದ ಊಟಕ್ಕಾಗಿ ನೆರೆದ ಜಂಗಮರ ಸಂಖ್ಯೆ ಅಪಾರ. ಇವರ ನಿಜವನ್ನು ಅರಿಯಲು ಮಂಟೇಸ್ವಾಮಿ ಅಸ್ಪೃಶ್ಯನ, ಕುಷ್ಠರೋಗಿಯ ವೇಷದಲ್ಲಿ ಬಾಗಿಲಿಗೆ ಬರುತ್ತಾನೆ. ಪಾಠದಿಂದ ಪಾಠಕ್ಕೆ ವಿವರಗಳು ಬದಲಾದರೂ ಫಲಿತಾಂಶ ಒಂದೇ: ಜಂಗಮರು ಅವನನ್ನು ಹೊರದೂಡುತ್ತಾರೆ, ಬಸವಣ್ಣ ಮತ್ತು ನೀಲಮ್ಮ ಮಾತ್ರ ಗುರುತಿಸುತ್ತಾರೆ.

ಕಾಲದೃಷ್ಟಿಯಿಂದ ಈ ಭೇಟಿ ಅಸಂಭವ. ಬಸವಣ್ಣನವರು 12ನೆಯ ಶತಮಾನದವರು. ಮಂಟೇಸ್ವಾಮಿಯನ್ನು ವಿದ್ವಾಂಸರು ಸಾಮಾನ್ಯವಾಗಿ 15–16ನೆಯ ಶತಮಾನಕ್ಕೆ ಸೇರಿಸುತ್ತಾರೆ. ಆದ್ದರಿಂದ ಇದನ್ನು ನಡೆದ ಘಟನೆಯ ವರದಿಯೆಂದು ಓದಲಾಗದು. ಇದು ತಳಸಮುದಾಯಗಳು ಚರಿತ್ರೆಯ ಬಗ್ಗೆ ನೀಡಿದ ತೀರ್ಪು. ಜಾತಿಯನ್ನು ಪ್ರಶ್ನಿಸಿ ಹುಟ್ಟಿದ ಚಳವಳಿಯೇ ಕಾಲಾನಂತರ ಮಠ, ಲಾಂಛನ, ಅಧಿಕಾರಗಳ ವ್ಯವಸ್ಥೆಯಾದಾಗ, ಅದನ್ನು ಅದರದೇ ಮೌಲ್ಯಗಳಿಂದ ಅಳೆಯಲಾಗಿದೆ. ಇಲ್ಲಿ ಬಸವಣ್ಣನ ನಿರಾಕರಣೆಯಿಲ್ಲ. ಅವನ ಹೆಸರಿನಲ್ಲಿ ಬದುಕುವವರ ವಿಚಾರಣೆಯಿದೆ.

ಆದರೆ ಇದೇ ಕಾವ್ಯದ ಮತ್ತೊಂದು ಮುಖವನ್ನು ಮರೆಮಾಚಲಾಗದು. ಹಲಗೂರಿನ ಪಾಂಚಾಳರು ಕಬ್ಬಿಣದ ಭಿಕ್ಷೆಯನ್ನು ನಿರಾಕರಿಸಿದಾಗ ಶಿಷ್ಯ ಸಿದ್ದಪ್ಪಾಜಿ ಅವರನ್ನು ಗೆಲ್ಲುವುದು ವಾದದಿಂದಲ್ಲ, ಪವಾಡದಿಂದ. ಲಾಂಛನವನ್ನು ಧಿಕ್ಕರಿಸಿದವನ ಪರಂಪರೆಯೇ ಬೊಪ್ಪೇಗೌಡನಪುರದಲ್ಲಿ ಮಠವಾಗಿ, ಒಕ್ಕಲುಗಳನ್ನೂ ಆಚರಣೆಗಳನ್ನೂ ಉಳ್ಳ ವ್ಯವಸ್ಥೆಯಾಗಿ ಬೆಳೆಯಿತು. ಜಾನಪದ ವಿದ್ವಾಂಸರಾದ ನಾವು ಪ್ರತಿಭಟನೆಯ ಭಾಗವನ್ನು ಎತ್ತಿಹಿಡಿದು ಪವಾಡದ ಭಾಗವನ್ನು ಕೇವಲ 'ಆಶಯ'ವೆಂದು ವರ್ಗೀಕರಿಸಿ ಮುಂದೆ ಸಾಗಿದ್ದೇವೆ. ಈ ಲೇಖಕನೂ ಅದಕ್ಕೆ ಹೊರತಲ್ಲ.

ಆಧುನಿಕ ವಿಚಾರವಾದದ ವೈಶಿಷ್ಟ್ಯ ಸ್ಪಷ್ಟವಾಗುವುದು ಈ ಅಂಶದಲ್ಲಿಯೇ. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕುವೆಂಪು ಅವರು ವಿಚಾರಕ್ರಾಂತಿಗೆ ಕರೆ ನೀಡಿದರು. 1976ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ, ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಹಾಗೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಪವಾಡಗಳನ್ನು ಪರೀಕ್ಷೆಗೊಡ್ಡುವಂತೆ ಸತ್ಯಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು. ಪರೀಕ್ಷೆಗೆ ಬಾಬಾ ಅವರು ಮುಂದಾಗಲಿಲ್ಲ.

ನೀಲಗಾರರ ಕಾವ್ಯ ಕೇಳುವುದು 'ನೀನು ಮನುಷ್ಯನನ್ನು ಹೇಗೆ ಕಾಣುತ್ತೀಯೆ?' ಎಂದು; ನರಸಿಂಹಯ್ಯನವರ ಸಮಿತಿ ಕೇಳಿದ್ದು 'ನೀನು ಹೇಳುವುದಕ್ಕೆ ಪುರಾವೆ ಏನು?' ಎಂದು. ಮೊದಲನೆಯದು ನಡತೆಯ ಪರೀಕ್ಷೆ, ಎರಡನೆಯದು ಸತ್ಯದ ಪರೀಕ್ಷೆ. ಪುರಾವೆಯನ್ನು ಕೇಳದ ಪ್ರತಿಭಟನೆ ಹೊಸ ದೇವರನ್ನು ಸೃಷ್ಟಿಸಿ ಸುಮ್ಮನಾಗಬಹುದು. ಹೊರದೂಡಲ್ಪಟ್ಟವನ ಅನುಭವವನ್ನು ಅರಿಯದ ವಿಚಾರವಾದವು ವಿಶ್ವವಿದ್ಯಾಲಯದ ಆವರಣವನ್ನು ದಾಟಲಾರದು.

ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಜಾತಿಭೇದವಿಲ್ಲದೆ ಒಟ್ಟಿಗೆ ಉಣ್ಣುವ ಪಂಕ್ತಿಸೇವೆ ಇಂದಿಗೂ ಆ ಪರಂಪರೆಯ ಹೆಮ್ಮೆ. ಅಲ್ಲಿ ಒಂದೇ ಸಾಲಿನಲ್ಲಿ ಕುಳಿತವರು ಊರಿಗೆ ಮರಳಿದ ಮೇಲೆ ಯಾರ ಮನೆಯ ಹೊಸ್ತಿಲನ್ನು ದಾಟಬಲ್ಲರು? ಈ ಪ್ರಶ್ನೆಯನ್ನು ನಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಸೇರಿಸದೆ ಮಂಟೇಸ್ವಾಮಿಯ ಅಧ್ಯಯನ ಪೂರ್ಣವಾಗದು.