ಬೆಂಗೇರಿಯ ಧ್ವಜದ ಬಟ್ಟೆ: ಒಂದು ವಸ್ತುವಿನ ಚರಿತ್ರೆ

ಬೆಂಗೇರಿ ಹುಬ್ಬಳ್ಳಿಯ ಕೇಶ್ವಾಪುರದ ಆಚೆಗಿರುವ ಬಡಾವಣೆ. ಮೊದಲು ಬೇರೆಯೇ ಊರು, ಈಗ ಊರೊಳಗಿನ ಊರು. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣ ಇರುವುದು ಇಲ್ಲಿ. ಭಾರತೀಯ ಮಾನಕ ಬ್ಯೂರೋದ ಪರವಾನಗಿ ಪಡೆದು ಖಾದಿಯ ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ ಎಂದು ಇದರ ಹೆಸರು ದೇಶಕ್ಕೆಲ್ಲ ಗೊತ್ತು. ಆಗಸ್ಟ್ ಬಂತೆಂದರೆ ಪತ್ರಿಕೆಯವರೂ ಟಿವಿಯವರೂ ಇಲ್ಲಿ ಸಾಲುಗಟ್ಟುತ್ತಾರೆ. ಚಿತ್ರದಲ್ಲಿ ಬರುವುದು ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳು ಮತ್ತು ಮಡಿಸಿಟ್ಟ ಕೇಸರಿ, ಬಿಳಿ, ಹಸಿರಿನ ರಾಶಿ. ಆ ಬಟ್ಟೆಯ ಹಿಂದೆ ಅಳತೆಗೋಲು ಹಿಡಿದು ನಿಂತಿರುವ ಪ್ರಯೋಗಾಲಯ ಚಿತ್ರದಲ್ಲಿ ಬರುವುದಿಲ್ಲ. ಧ್ವಜದ ಬಟ್ಟೆಯ ಚರಿತ್ರೆ ಮುಕ್ಕಾಲು ಪಾಲು ಆ ಪರೀಕ್ಷೆಯ ಚರಿತ್ರೆಯೇ. ಕೈಯಲ್ಲಿ ತೆಗೆದ ನೂಲು ಎಂದೂ ಒಂದೇ ಸಮ ಇರುವುದಿಲ್ಲ. ಧ್ವಜವೋ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಒಪ್ಪುವುದಿಲ್ಲ. ಈ ಎರಡನ್ನೂ ಒಂದೇ ಮಗ್ಗಕ್ಕೆ ಏರಿಸಿದ್ದು ಸಣ್ಣ ಕೆಲಸವಲ್ಲ.

ಅರಿವೆಗಿಂತ ಮೊದಲು ಅರಳೆ. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯ ಮೇಲೆ ಬೆಳೆದ ಒಂದೇ ಒಂದು ಜೀವಕೋಶ. ಕಾಯಿ ಒಡೆಯುವ ತನಕ ಅದು ರಸ ತುಂಬಿದ ಸಣ್ಣ ಕೊಳವೆ. ಬಿಸಿಲಿಗೆ ಒಣಗಿದಾಗ ಕೊಳವೆ ಕುಸಿದು, ಪಟ್ಟಿಯಂತೆ ಚಪ್ಪಟೆಯಾಗಿ, ಅಲ್ಲಲ್ಲಿ ತಿರುಚಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾರೋ ಹಿಂಡಿ ಒಗೆದ ರಿಬ್ಬನ್ನಿನ ಹಾಗೆ ಕಾಣುತ್ತದೆ. ಈ ತಿರುಚು ಇರುವುದರಿಂದಲೇ ಒಂದು ಎಳೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ, ಚರಕಕ್ಕೆ ನೂಲು ಸಿಗುತ್ತದೆ. ಬೂರುಗದ ಅರಳೆ ಎಷ್ಟೇ ಬೆಳ್ಳಗಿದ್ದರೂ ನುಣುಪಾಗಿ ಜಾರುವುದರಿಂದ ದಿಂಬು ಸೇರುತ್ತದೆ.

ಧಾರವಾಡ ಸೀಮೆಯ ಕಪ್ಪು ಎರೆಭೂಮಿಯಲ್ಲಿ ಜವಾರಿ ಹತ್ತಿ ಮೊದಲಿನಿಂದಲೂ ಇತ್ತು. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎಂದೇ ಕರೆದರು. 1840ರ ದಶಕದಲ್ಲಿ ಕಂಪನಿ ಸರಕಾರ ಇಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು ಬಿತ್ತಿಸಿತು. ಅದು ಈ ನೆಲಕ್ಕೆ ಒಗ್ಗಿ 'ಧಾರವಾಡ ಅಮೆರಿಕನ್' ಎಂಬ ಹೆಸರು ಪಡೆಯಿತು. ಎರಡು ತಳಿ ಅಕ್ಕಪಕ್ಕ ಬೆಳೆದ ಮೇಲೆ ಬೆರಕೆಯೂ ಬಂತು: ಉದ್ದ ಎಳೆಯ ಅಮೆರಿಕನ್ ಹತ್ತಿಯ ಅಂಡಿಗೆಯೊಳಗೆ ಗಿಡ್ಡ ಎಳೆಯ ಜವಾರಿ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಮುಗಿಲಿಗೇರಿದ ಹೊತ್ತಿನಲ್ಲಿ ಬೆರಕೆಯ ಲಾಭವೂ ಏರಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲು ಕಾಯ್ದೆ ಮಾಡಿ, ಅಂಡಿಗೆ ಬಿಚ್ಚಿಸಿ ನೋಡುವ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಈ ಸೀಮೆಯಲ್ಲಿ ಹತ್ತಿಯ ಗುಣವನ್ನು ಕಾನೂನಿನ ಕಣ್ಣಿನಿಂದ ನೋಡುವುದು ಶುರುವಾದದ್ದು ಹೀಗೆ, ದೇಶಪ್ರೇಮದಿಂದಲ್ಲ, ಮ್ಯಾಂಚೆಸ್ಟರಿನ ಗಿರಣಿಗಳ ಒತ್ತಾಯದಿಂದ.

ಸಂಶೋಧನೆ ಆಮೇಲೆ ಊರಿನದೇ ಆಯಿತು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ಜಯಧರ ತಳಿ ಬಂತು. 1972ರಲ್ಲಿ ಬಿ.ಎಚ್. ಕಟರಕಿ ಎರಡು ಬೇರೆ ಬೇರೆ ಪ್ರಭೇದಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರಣ ತಳಿ ಕೊಟ್ಟರು. ಗಟ್ಟಿಮುಟ್ಟು ಗಿಡದ ಗುಣ ಒಂದರದು, ನೀಳ ನವಿರು ಎಳೆಯ ಗುಣ ಇನ್ನೊಂದರದು. 1981ರಲ್ಲಿ ಜಯಲಕ್ಷ್ಮಿ ಬಂತು. ರೈತರ ಬಾಯಲ್ಲಿ ಅದು ಇಂದಿಗೂ 'ಡಿಸಿಎಚ್'. ಹುಟ್ಟಿನಿಂದಲೇ ಕಂದು ಬಣ್ಣ ಇರುವ ಹತ್ತಿಯ ಮೇಲೂ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೆಲಸ ಮಾಡಿದೆ. ಬಣ್ಣ ಹಾಕುವ ಗೋಜೇ ಇಲ್ಲದ ಆ ಹತ್ತಿಗೆ ಧ್ವಜದಲ್ಲಿ ಮಾತ್ರ ಜಾಗವಿಲ್ಲ.

ಧ್ವಜಕ್ಕೂ ಹತ್ತಿಯ ಅಧ್ಯಯನಕ್ಕೂ ಇರುವ ನಂಟು ಹಳೆಯದು. ಧ್ವಜದ ಮೊದಲ ವಿನ್ಯಾಸದೊಂದಿಗೆ ಹೆಸರು ಸೇರಿಕೊಂಡಿರುವ ಆಂಧ್ರದ ಪಿಂಗಳಿ ವೆಂಕಯ್ಯನವರು ಕಾಂಬೋಡಿಯಾ ಹತ್ತಿಯ ತಳಿಯನ್ನು ಅಭ್ಯಾಸ ಮಾಡಿದವರು. ತೆಲುಗಿನಲ್ಲಿ ಪತ್ತಿ ಎಂದರೆ ಹತ್ತಿ. ಅವರನ್ನು 'ಪತ್ತಿ ವೆಂಕಯ್ಯ' ಎಂದೇ ಜನ ಕರೆಯುತ್ತಿದ್ದರು. ಇತ್ತ ಹುಬ್ಬಳ್ಳಿಯಲ್ಲಿ ವೈದ್ಯರಾಗಿದ್ದ ನಾ.ಸು. ಹರ್ಡೀಕರ್ 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡು ಬಂದು, ಅದೇ ವರ್ಷದ ಕೊನೆಯಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ಥಾನಿ ಸೇವಾದಳವನ್ನು ಕಟ್ಟಲು ಕಾರಣರಾದರು. ಧ್ವಜವಂದನೆಯ ಶಿಸ್ತನ್ನು ಊರೂರಿಗೆ ಕಲಿಸಿದ್ದು ಸೇವಾದಳ. ಮರುವರ್ಷ ಬೆಳಗಾವಿ ಅಧಿವೇಶನ ಕಾಂಗ್ರೆಸ್ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲು ಎಂಬ ನಿಯಮವನ್ನು ಒಪ್ಪಿತು. ವಂತಿಗೆಯನ್ನು ದುಡ್ಡಿನಲ್ಲಲ್ಲ, ಗಜದ ಲೆಕ್ಕದಲ್ಲಿ ವಸೂಲು ಮಾಡಿದ ರಾಜಕೀಯ ಪಕ್ಷ ಇನ್ನೊಂದಿದ್ದಂತಿಲ್ಲ.

1947ರ ಜುಲೈ 22ರಂದು ಸಂವಿಧಾನ ಸಭೆ ತ್ರಿವರ್ಣ ಧ್ವಜವನ್ನು ಅಂಗೀಕರಿಸಿತು. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ್ದ, ಇಂದಿನ ಮಾನಕ ಬ್ಯೂರೋದ ಮೊದಲ ರೂಪವಾದ ಭಾರತೀಯ ಮಾನಕ ಸಂಸ್ಥೆಗೆ ಸಿಮೆಂಟು, ಉಕ್ಕು, ಬಲ್ಬು, ಬಿಸ್ಕತ್ತು ಎಲ್ಲಕ್ಕೂ ಮಾನಕ ಬರೆಯುವ ಕೆಲಸ ಮುಂದಿತ್ತು. ಮೊಟ್ಟಮೊದಲ ಸಂಖ್ಯೆಯನ್ನು ಅದು ಧ್ವಜಕ್ಕೆ ಕೊಟ್ಟಿತು: ಐಎಸ್ 1, ವರ್ಷ 1951. ಅಡಿ-ಅಂಗುಲ ಹೋಗಿ ಮೆಟ್ರಿಕ್ ಬಂದಾಗ 1964ರಲ್ಲಿ ಒಮ್ಮೆ, 1968ರ ಆಗಸ್ಟ್ 17ರಂದು ಮತ್ತೊಮ್ಮೆ ಅದು ತಿದ್ದುಪಡಿಯಾಯಿತು.

ಆ ಮಾನಕದಲ್ಲಿ ಧ್ವಜಕ್ಕೆ ಒಂಬತ್ತು ಅಳತೆ. ಎಲ್ಲಕ್ಕೂ ಉದ್ದ-ಎತ್ತರದ ಪ್ರಮಾಣ 3:2. ದೊಡ್ಡದು 6300 × 4200 ಮಿಲಿಮೀಟರ್. ಸಣ್ಣದು ಮೇಜಿನ ಮೇಲಿಡುವ 150 × 100. ನಡುವೆ ಕಾರಿಗೆ 225 × 150, ಗಣ್ಯರ ವಿಮಾನಕ್ಕೆ 450 × 300. ದೊಡ್ಡ ಧ್ವಜದ ಬಿಳಿ ಪಟ್ಟಿಯ ಎತ್ತರ 1400 ಮಿಲಿಮೀಟರ್, ಅದರಲ್ಲಿ ಕೂರುವ ಚಕ್ರದ ಅಡ್ಡಳತೆ 1295. ಮೇಲೆ ಕೆಳಗೆ ಉಳಿಯುವುದು ಮೂರು ಬೆರಳಿನಷ್ಟು ಜಾಗ. ಸಣ್ಣ ಧ್ವಜದ ಚಕ್ರ 25 ಮಿಲಿಮೀಟರ್. ಅದಕ್ಕೂ 24 ಅರಗಳೇ. ಲೆಕ್ಕ ಹಾಕಿದರೆ ಅಂಚಿನಲ್ಲಿ ಒಂದು ಅರಕ್ಕೂ ಇನ್ನೊಂದಕ್ಕೂ ನಡುವೆ ಮೂರು ಮಿಲಿಮೀಟರ್ ಚಿಲ್ಲರೆ. ಕೈನೂಲಿನ ಬಟ್ಟೆಯ ಮೇಲೆ ಬಣ್ಣ ಒಂದಿಷ್ಟು ಹರಡಿತೋ, ಚಕ್ರ ಹೋಗಿ ನೀಲಿ ಬೊಟ್ಟು ಉಳಿಯುತ್ತದೆ. ಸಾಲದ್ದಕ್ಕೆ ಚಕ್ರ ಎರಡೂ ಬದಿಗೆ ಇರಬೇಕು, ಒಂದರ ಬೆನ್ನಿಗೆ ಒಂದು ಕರಾರುವಾಕ್ಕಾಗಿ ಕೂರಬೇಕು. ಅಚ್ಚು ಹಾಕಿದ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ತಪ್ಪು ತಾನೇ ಮಾತಾಡುತ್ತದೆ: ಅರಗಳು ಇಪ್ಪತ್ನಾಲ್ಕರ ಬದಲು ಜೋಡಿಜೋಡಿಯಾಗಿ ಕಾಣುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ ಮಾನಕ ಇನ್ನೂ ಹಟಮಾರಿ. ಕೇಸರಿ ಎಂದರೆ ಯಾವ ಕೇಸರಿ? ಕಾಷಾಯವೇ, ಕಿತ್ತಳೆಯೇ, ಮಾಗಿದ ಮಾವಿನ ಬಣ್ಣವೇ? ಮಾತಿಗೆ ಸಿಗದ ಇದನ್ನು ಸಂಖ್ಯೆಗೆ ಇಳಿಸುವ ದಾರಿಯನ್ನು ಅಂತರರಾಷ್ಟ್ರೀಯ ಪ್ರಕಾಶ ಆಯೋಗ 1931ರಲ್ಲಿ ತೋರಿಸಿಕೊಟ್ಟಿತ್ತು. ಮನುಷ್ಯನ ಕಣ್ಣು ಬಣ್ಣವನ್ನು ಗ್ರಹಿಸುವ ಬಗೆಯನ್ನು ಅಳೆದು, ಪ್ರತಿ ಬಣ್ಣಕ್ಕೂ ನಕಾಶೆಯ ಮೇಲಿನ ಊರಿನಂತೆ ಒಂದು ಬಿಂದುವನ್ನು ಗುರುತಿಸುವ ಪದ್ಧತಿ ಅದು. ಆ ನಕಾಶೆಯಲ್ಲಿ ಧ್ವಜದ ಕೇಸರಿಯ ವಿಳಾಸ 0.538 ಮತ್ತು 0.360, ಹೊಳಪು 21.5. ಹಸಿರಿನದು 0.288 ಮತ್ತು 0.395, ಹೊಳಪು 8.9. ಬಣ್ಣದ ಕಡಾಯಿಯ ಪಕ್ಕದಲ್ಲಿ ಹತ್ತಾರು ವರ್ಷ ಕಳೆದ ಕೈಗೂ ಕೊನೆಗೆ ಈ ಅಂಕಿಗಳದೇ ತೀರ್ಪು.

ಬಣ್ಣ ಸರಿಯಾಗಿ ಬಂದರೆ ಸಾಲದು, ನಿಲ್ಲಬೇಕು. ಹತ್ತಿಯ ಮೇಲೆ ಬಿಸಿಲಿಗೂ ಸೋಪಿಗೂ ಜಗ್ಗದ ಬಣ್ಣಗಳೆಂದು ಹೆಸರಾದವು ವ್ಯಾಟ್ ಬಣ್ಣಗಳು. ನಮ್ಮ ಹಳೆಯ ನೀಲಿಯೂ ಇದೇ ಕುಲದ್ದು. 1901ರಲ್ಲಿ ಜರ್ಮನಿಯ ರೆನೆ ಬೋನ್ ಇಂಡಾಂತ್ರೋನ್ ತಯಾರಿಸಿದ ಮೇಲೆ ಈ ಕುಲ ಬೆಳೆಯಿತು. ನೀರಿನಲ್ಲಿ ಕರಗದ ಬಣ್ಣವನ್ನು ರಾಸಾಯನಿಕದಿಂದ ಕರಗುವ ರೂಪಕ್ಕೆ ತಂದು ಎಳೆಯೊಳಗೆ ಇಳಿಸುತ್ತಾರೆ, ಆಮೇಲೆ ಗಾಳಿಗೆ ಒಡ್ಡುತ್ತಾರೆ. ಆಮ್ಲಜನಕ ತಾಕಿದ್ದೇ ಬಣ್ಣ ಮತ್ತೆ ಕರಗದ ರೂಪಕ್ಕೆ ಮರಳಿ ಎಳೆಯೊಳಗೇ ಸಿಕ್ಕಿಕೊಳ್ಳುತ್ತದೆ. ಬಾಗಿಲಲ್ಲಿ ಸಣ್ಣವನಾಗಿ ನುಸುಳಿ, ಒಳಗೆ ಹೋಗಿ ದಪ್ಪಗಾದವನು ಹೊರಬರುವುದು ಹೇಗೆ!

ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾದದ್ದು 1957ರ ನವೆಂಬರ್ 1ರಂದು, ರಾಜ್ಯ ಏಕೀಕರಣದ ಮೊದಲ ವರ್ಷ ತುಂಬಿದ ದಿನ. ವೆಂಕಟೇಶ ಮಾಗಡಿ, ಶ್ರೀರಂಗ ಕಾಮತ್ ಮೊದಲಾದ ಗಾಂಧಿವಾದಿಗಳು ಈ ಭಾಗದ ಚದುರಿದ ಖಾದಿ ಸಂಸ್ಥೆಗಳನ್ನು ಒಂದೇ ಸೂರಿನಡಿ ತಂದರು. ಹದಿನೇಳು ಎಕರೆಯ ಆವರಣದಲ್ಲಿ ಖಾದಿ ತರಬೇತಿಯೂ ನಡೆಯಿತು. ಆದರೆ ಧ್ವಜದ ಕೆಲಸ ಬಹುಕಾಲ ಇಲ್ಲಿಯದಾಗಿರಲಿಲ್ಲ. ಧಾರವಾಡದ ಹತ್ತಿರದ ಗರಗದ ನೇಕಾರರು ಧ್ವಜದ ಬಟ್ಟೆ ನೇಯುತ್ತಿದ್ದರು. ಅದು ಬಣ್ಣಕ್ಕೂ ಹೊಲಿಗೆಗೂ ಮುಂಬೈ ದಾರಿ ಹಿಡಿಯುತ್ತಿತ್ತು. ಮಾನಕ ಬ್ಯೂರೋದ ಮಾನ್ಯತೆ ಬೆಂಗೇರಿಗೆ ಸಿಕ್ಕಿದ್ದು 2000ದ ದಶಕದ ನಡುವಿನಲ್ಲಿ. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಜಿಂದಾಲ್ ಪ್ರಕರಣದಲ್ಲಿ ಗೌರವದಿಂದ ಧ್ವಜ ಹಾರಿಸುವುದು ನಾಗರಿಕನ ಹಕ್ಕು ಎಂದಿತ್ತು. ಬೇಡಿಕೆಯ ಬಾಗಿಲೂ ತಯಾರಿಕೆಯ ಬಾಗಿಲೂ ಹೆಚ್ಚುಕಡಿಮೆ ಒಟ್ಟಿಗೆ ತೆರೆದವು.

ದಾರಿ ಉದ್ದ. ಖಾದಿ ಆಯೋಗದ ಚಿತ್ರದುರ್ಗದ ಘಟಕದಂಥ ಕಡೆಗಳಲ್ಲಿ ಅರಳೆ ಹಂಜಿಯಾಗುತ್ತದೆ. ಹಳ್ಳಿಗಳ ಕೇಂದ್ರಗಳಲ್ಲಿ ಹೆಣ್ಣುಮಕ್ಕಳು ಚರಕ ತಿರುಗಿಸಿ ಅದನ್ನು ನೂಲಾಗಿಸಿ ಲಡಿ ಕಟ್ಟುತ್ತಾರೆ. ಧಾರವಾಡ, ಬಾಗಲಕೋಟೆ ಜಿಲ್ಲೆಗಳ ಕೈಮಗ್ಗಗಳಲ್ಲಿ ಹಾಸು-ಹೊಕ್ಕು ಸೇರುತ್ತವೆ. ಧ್ವಜದ ಮೈಗೆ ತೆಳುವಾದ ಬಂಟಿಂಗ್ ಬಟ್ಟೆ. ಹಗ್ಗ ಮತ್ತು ಮರದ ಗುಂಡಿ ಕೂರುವ ಕಂಬದ ಬದಿಯ ಪಟ್ಟಿಗೆ ಡಕ್ ಎಂಬ ದಪ್ಪ ಬಟ್ಟೆ. ಗಾಳಿಯ ಜಗ್ಗಾಟವೆಲ್ಲ ಬೀಳುವುದು ಈ ಪಟ್ಟಿಯ ಮೇಲೆ. ಡಕ್ ನೇಯ್ಗೆ ಎಲ್ಲರಿಗೂ ಒಗ್ಗುವಂಥದ್ದಲ್ಲ, ಬಲ್ಲವರು ಕಡಿಮೆ. ಆಮೇಲೆ ಬಣ್ಣ, ಚಕ್ರದ ಅಚ್ಚು, ಹೊಲಿಗೆ. ನೂಲಿನ ದಪ್ಪದಿಂದ ಹೊಲಿಗೆಯ ಸಾಲಿನ ತನಕ ಎಲ್ಲಿ ತಪ್ಪಿದರೂ ಧ್ವಜ ಪಕ್ಕಕ್ಕೆ ಹೋಗುತ್ತದೆ. ಚರಕದ ಮುಂದಿನ ಕೈ ಸಂಜೆಗೆ ದಣಿದು ನೂಲು ತುಸು ದಪ್ಪವಾದರೆ, ಅದರ ಲೆಕ್ಕ ತಿಂಗಳ ಮೇಲೆ ಪ್ರಯೋಗಾಲಯದ ತಕ್ಕಡಿಯಲ್ಲಿ ಬರುತ್ತದೆ.

2021ರ ಡಿಸೆಂಬರ್ 30ರಂದು ಕೇಂದ್ರ ಸರಕಾರ 2002ರ ಧ್ವಜ ಸಂಹಿತೆಗೆ ತಿದ್ದುಪಡಿ ತಂದಿತು. ಕೈನೂಲು, ಕೈನೇಯ್ಗೆಯ ಜೊತೆಗೆ ಯಂತ್ರದಲ್ಲಿ ತಯಾರಾದದ್ದೂ, ಹತ್ತಿ, ಉಣ್ಣೆ, ರೇಷ್ಮೆಯ ಜೊತೆಗೆ ಪಾಲಿಯೆಸ್ಟರೂ ಒಪ್ಪಿತವಾಯಿತು. ಮುಂದಿನ ಆಗಸ್ಟಿನಲ್ಲಿ 'ಹರ್ ಘರ್ ತಿರಂಗಾ' ನಡೆಯಿತು. ಮನೆಮನೆಗೆ ಧ್ವಜ ಎಂದರೆ ಕೈಮಗ್ಗ ಪೂರೈಸುವ ಲೆಕ್ಕವಲ್ಲ ಎಂಬುದು ನಿಜ. ಕೈನೂಲಿನ ಹೊಟ್ಟೆಪಾಡಿನ ಮೇಲೆ ಏಟು ಬಿತ್ತೆಂದು ಬೆಂಗೇರಿಯಲ್ಲಿ ಪ್ರತಿಭಟನೆಯಾದದ್ದೂ ನಿಜ.

ವಾದದಲ್ಲಿ ಹೆಚ್ಚು ಕೇಳಿಬಂದದ್ದು ಗಾಂಧಿ ಮತ್ತು ರೊಟ್ಟಿ. ವಸ್ತುವಿನ ಮಾತು ಹಿಂದೆ ಉಳಿಯಿತು. ಪಾಲಿಯೆಸ್ಟರ್ 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ನಾರು. ಹತ್ತಿ ತನ್ನ ಒಣ ತೂಕದ ಶೇ 8ರ ಆಸುಪಾಸು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 0.4ರಷ್ಟನ್ನು ಮಾತ್ರ. ಮಳೆಗಾಲದ ಕಂಬದ ಮೇಲೆ ಪಾಲಿಯೆಸ್ಟರ್ ಬೇಗ ಒಣಗಿ ಹಾರುತ್ತದೆ. ಇದು ಅದರ ಗೆಲುವೇ. ಆದರೆ ಹರಿದು ಮಣ್ಣಿಗೋ ನೀರಿಗೋ ಬಿದ್ದ ಮೇಲಿನ ಕಥೆ ಬೇರೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗೆದಾಗ ಉದುರಿದ ನಾರುಗಳನ್ನು ತಿಂಗಳುಗಟ್ಟಲೆ ನೀರಿನಲ್ಲಿ ಬಿಟ್ಟಾಗ ಹತ್ತಿಯ ಬಹುಪಾಲು ಕೊಳೆತುಹೋಗಿತ್ತು, ಪಾಲಿಯೆಸ್ಟರ್ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 22 ಜನರ ರಕ್ತ ಪರೀಕ್ಷಿಸಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಕಣ ಸಿಕ್ಕಿತು. ಹೆಚ್ಚು ಕಂಡದ್ದು ಪಿಇಟಿ. ನೀರಿನ ಬಾಟಲಿಗೂ ಪಾಲಿಯೆಸ್ಟರ್ ಬಟ್ಟೆಗೂ ಮೂಲದ್ರವ್ಯ ಅದೇ. ಆ ಕಣ ದೇಹಕ್ಕೆ ಮಾಡುವುದೇನೆಂಬ ಅಧ್ಯಯನ ಇನ್ನೂ ನಡೆದಿದೆ. ಧ್ವಜವನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವ ಪ್ರಶ್ನೆಯಿಲ್ಲ. ಆದರೆ ಒಂದೇ ದಿನದ ಬಳಕೆಗೆ ಲಕ್ಷಗಟ್ಟಲೆ ಕೊಳ್ಳುವ ಬಟ್ಟೆ ಯಾವ ನಾರಿನದು ಎಂಬುದು ಬರೀ ಭಾವನೆಯ ಪ್ರಶ್ನೆಯೂ ಅಲ್ಲ.

ಅಂಗಡಿಯ ಬೆಳಕಿನಲ್ಲಿ ಎರಡೂ ಬಗೆಯ ಧ್ವಜ ಒಂದೇ ರೀತಿ ಹೊಳೆಯಬಹುದು. ಗುರುತು ಸಿಗದಿದ್ದರೆ ಬಟ್ಟೆ ಅಂಗಡಿಯ ಹಳಬರು ಮಾಡುವ ಪರೀಕ್ಷೆಯೊಂದಿದೆ: ತುಂಡಿನಿಂದ ಒಂದು ಎಳೆ ಎಳೆದು ಬೆಂಕಿಕಡ್ಡಿಗೆ ಹಿಡಿಯುವುದು. ಹಾರಿಸುವ ಧ್ವಜದ ಮೇಲೆ ಇದನ್ನು ಯಾರೂ ಮಾಡಬಾರದು, ಆದರೆ ಹರಿದು ಹಾಳಾದ ಧ್ವಜವನ್ನು ಮರೆಯಲ್ಲಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ವಿಸರ್ಜಿಸಬೇಕೆಂದು ಧ್ವಜ ಸಂಹಿತೆಯೇ ಹೇಳುತ್ತದೆ. ಖಾದಿ ಕಾಗದ ಸುಟ್ಟ ವಾಸನೆ ಬಿಟ್ಟು ಹಗುರ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ತೊಟ್ಟಿಕ್ಕಿ, ಆರಿದ ಮೇಲೆ ಬೆರಳಿಗೆ ಒಡೆಯದ ಗಟ್ಟಿ ಗುಂಡಾಗಿ ಉಳಿಯುತ್ತದೆ.