‘ಸಮಂಜಸ ಕಾಲ’ಕ್ಕೆ ತಿಂಗಳ ಗಡುವೇ? ವಿಯೆನ್ನಾ ಮಾರಾಟ ಒಪ್ಪಂದದ 39ನೇ ವಿಧಿಯ ಒಂದು ಮರುಪರಿಶೀಲನೆ

ಅಂತರರಾಷ್ಟ್ರೀಯ ಸರಕು ಮಾರಾಟ ಕುರಿತ 1980ರ ವಿಯೆನ್ನಾ ಒಪ್ಪಂದ ಖರೀದಿದಾರನ ಮೇಲೆ ಹೊರಿಸುವ ಹೊಣೆಯ ಸ್ವರೂಪದ ಬಗ್ಗೆ ಈಗ ಹೆಚ್ಚು ತಕರಾರಿಲ್ಲ. 38ನೇ ವಿಧಿಯಂತೆ ಸರಕನ್ನು ಸಂದರ್ಭಕ್ಕೆ ತಕ್ಕಂತೆ ಆದಷ್ಟು ಬೇಗ ಪರೀಕ್ಷಿಸಬೇಕು. 39(1)ರಂತೆ, ದೋಷ ಕಂಡ ಅಥವಾ ಕಾಣಬೇಕಿದ್ದ ಹೊತ್ತಿನಿಂದ ಸಮಂಜಸ ಕಾಲದೊಳಗೆ, ಅದು ಎಂಥ ದೋಷವೆಂದು ಬಿಡಿಸಿ ಹೇಳಿ ನೋಟಿಸ್ ಕೊಡಬೇಕು. ತಪ್ಪಿದರೆ ಆ ದೋಷವನ್ನು ಮುಂದೊಡ್ಡುವ ಹಕ್ಕೇ ಹೋಗುತ್ತದೆ. ನಮ್ಮ 1930ರ ಸರಕು ಮಾರಾಟ ಕಾಯ್ದೆ ಇಷ್ಟು ಕಠಿಣವಲ್ಲ: ತಡಮಾಡಿದವನು ಸರಕನ್ನು ತಿರಸ್ಕರಿಸುವಂತಿಲ್ಲ, ಆದರೆ ನಷ್ಟ ಪರಿಹಾರ ಕೇಳಬಹುದು. ಭಾರತ ಈ ಒಪ್ಪಂದಕ್ಕೆ ಸೇರಿಲ್ಲ. ಆದರೂ ಯಾವ ಕಾನೂನು ಅನ್ವಯವೆಂದು ಕರಾರಿನಲ್ಲಿ ಬರೆಯದೆ ಜರ್ಮನಿಯಿಂದ ಯಂತ್ರ ತರಿಸಿದ ಬೆಂಗಳೂರಿನ ಉದ್ಯಮಿಯ ವ್ಯಾಜ್ಯ ಅಲ್ಲಿನ ನ್ಯಾಯಾಲಯಕ್ಕೆ ಹೋದರೆ, ಮಾರಾಟಗಾರನ ದೇಶದ ಕಾನೂನಿನ ಭಾಗವಾಗಿ ಈ ಒಪ್ಪಂದವೇ ಅನ್ವಯಿಸಬಹುದು.

ವಿವಾದವಿರುವುದು ‘ಸಮಂಜಸ ಕಾಲ’ ಎಷ್ಟು ಎಂಬಲ್ಲಿ. ಕಾನೂನು ವಿದ್ವಾಂಸೆ ಇಂಗೆಬೋರ್ಗ್ ಶ್ವೆಂಜರ್ ಒಂದು ತಿಂಗಳನ್ನು ಸ್ಥೂಲ ಅಳತೆಯಾಗಿ ಮುಂದಿಟ್ಟರು. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1999ರಲ್ಲಿ, ಕಾಗದ ತಯಾರಿಕೆಯ ಯಂತ್ರಭಾಗವೊಂದರ ಪ್ರಕರಣದಲ್ಲಿ, ಅದೇ ದಾರಿಯಲ್ಲಿ ಲೆಕ್ಕ ಹಾಕಿತು: ತಜ್ಞರನ್ನು ಗೊತ್ತುಮಾಡಲು ಸುಮಾರು ಒಂದು ವಾರ, ತಜ್ಞರ ಪರೀಕ್ಷೆಗೆ ಎರಡು ವಾರ, ಆಮೇಲೆ ನೋಟಿಸಿಗೆ ಒಂದು ತಿಂಗಳು. ಪರೀಕ್ಷೆಯ ಅವಧಿಯನ್ನು ಅದು ಯಂತ್ರದ ಸ್ವರೂಪ ನೋಡಿ ನಿಗದಿಪಡಿಸಿತು. ನೋಟಿಸಿನ ಅವಧಿಗೆ ಮಾತ್ರ ಅಂಥ ವಿವೇಚನೆಯಿಲ್ಲದೆ ತಿಂಗಳು ಬಂದು ಕೂತಿದೆ. ಒಪ್ಪಂದದ ರಚನೆಯೇ ಇದಕ್ಕೆ ವಿರುದ್ಧವಾಗಿದೆ ಎಂಬುದು ನನ್ನ ವಾದ. ಸಂಖ್ಯೆ ಬೇಕೆನಿಸಿದ ಕಡೆ ಕರಡು ರೂಪಿಸಿದವರು ಸಂಖ್ಯೆಯನ್ನೇ ಬರೆದಿದ್ದಾರೆ: ಸರಕು ಕೈಸೇರಿದ ದಿನದಿಂದ ಎರಡು ವರ್ಷ ಎಂಬ ಕೊನೆಯ ಮಿತಿ 39(2)ರಲ್ಲಿದೆ. ಅದೇ ವಿಧಿಯ ಮೊದಲ ಭಾಗದಲ್ಲಿ ಸಂಖ್ಯೆ ಇಲ್ಲದಿರುವುದನ್ನು ಮರೆವು ಎನ್ನಲಾಗದು.

ನಿಶ್ಚಿತತೆಯಿಲ್ಲದೆ ವ್ಯಾಪಾರ ನಡೆಯದು ಎಂಬ ಆಕ್ಷೇಪಣೆ ಹಗುರವಾದುದಲ್ಲ. ಆದರೆ ಆಸ್ಟ್ರಿಯಾದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಪರೀಕ್ಷೆ, ನೋಟಿಸ್ ಎರಡಕ್ಕೂ ಸೇರಿ ಸಾಮಾನ್ಯವಾಗಿ 14 ದಿನ ಎಂದಿತು. ಗಡಿ ದಾಟಿದೊಡನೆ ಬದಲಾಗುವ ಅಂಕಿ ಯಾರಿಗೂ ನಿಶ್ಚಿತತೆ ಕೊಡುವುದಿಲ್ಲ. ಏಕರೂಪತೆ ಕೇಳುವ 7ನೇ ವಿಧಿಗೂ ಅದು ಒಗ್ಗುವುದಿಲ್ಲ. ಹಾಗಾದರೆ ಅಳತೆಗೋಲು ಯಾವುದು? ದೋಷ ತನಗೆ ತಿಳಿದೇ ಇದ್ದು ಮುಚ್ಚಿಟ್ಟ ಮಾರಾಟಗಾರ ನೋಟಿಸ್ ತಡವಾಯಿತೆಂದು ದೂರುವಂತಿಲ್ಲ ಎನ್ನುತ್ತದೆ 40ನೇ ವಿಧಿ. ಅಂದರೆ ನೋಟಿಸಿನ ಮುಖ್ಯ ಉದ್ದೇಶ ಅವನಿಗೆ ವಿಷಯ ಮುಟ್ಟಿಸುವುದು: ಸರಕನ್ನು ನೋಡಲು, ಸರಿಪಡಿಸಲು, ಸಾಕ್ಷ್ಯ ಉಳಿಸಿಕೊಳ್ಳಲು ಅವನಿಗೆ ಅವಕಾಶ ಸಿಗಬೇಕು. ಆದ್ದರಿಂದ ವಿಳಂಬದಿಂದ ಈ ಅವಕಾಶ ಎಷ್ಟು ಕೆಟ್ಟಿತು ಎಂಬುದೇ ಕಾಲದ ಸಮಂಜಸತೆಗೆ ಪ್ರಧಾನ ಅಳತೆಯಾಗಬೇಕು. ಕೊಳೆಯುವ ಹಣ್ಣಿಗೆ ಒಂದೆರಡು ದಿನವೂ ಹೆಚ್ಚಾದೀತು. ಎರಕದ ಬಿರುಕು ಎರಡು ತಿಂಗಳ ನಂತರವೂ ಹಾಗೇ ಇದ್ದೀತು. ಮಾರಾಟಗಾರನಿಗೆ ಹಾನಿಯಾಗದಿದ್ದರೆ ಯಾವ ವಿಳಂಬವೂ ಕ್ಷಮ್ಯ ಎಂದು ನಾನು ಹೇಳುತ್ತಿಲ್ಲ. 39(1)ರ ಪದಗಳು ಅಷ್ಟು ದೂರ ಎಳೆಯಲು ಬಿಡುವುದಿಲ್ಲ. ಹಾನಿ ಒಂದು ಅಂಶ, ಬಹುಶಃ ಎಲ್ಲಕ್ಕಿಂತ ಭಾರವಾದ ಅಂಶ, ಎಂಬಷ್ಟೇ ನನ್ನ ಹೇಳಿಕೆ.

ಇದರಿಂದ 44ನೇ ವಿಧಿ ಬರಿದಾಗುವುದಿಲ್ಲವೇ ಎಂದು ಕೇಳಬಹುದು. ಘಾನಾ ಮೊದಲಾದ ಅಭಿವೃದ್ಧಿಶೀಲ ದೇಶಗಳ ಒತ್ತಾಯದಿಂದ ಸೇರಿದ ಆ ವಿಧಿ, ನೋಟಿಸ್ ತಪ್ಪಿದ್ದಕ್ಕೆ ಸಮಂಜಸ ಕಾರಣ ಕೊಟ್ಟವನಿಗೆ ಬೆಲೆ ಇಳಿಸುವ ಹಕ್ಕನ್ನೂ, ಕೈತಪ್ಪಿದ ಲಾಭ ಬಿಟ್ಟು ಉಳಿದ ನಷ್ಟಕ್ಕೆ ಪರಿಹಾರವನ್ನೂ ಉಳಿಸಿಕೊಡುತ್ತದೆ. ಸರಕಿನ ಸ್ವರೂಪ ಮತ್ತು ಮಾರಾಟಗಾರನ ಹಾನಿಯನ್ನು 39(1)ರಲ್ಲಿ ತೂಗಿ, ಖರೀದಿದಾರನ ಸ್ವಂತ ತೊಂದರೆಗಳನ್ನು 44ಕ್ಕೆ ಬಿಟ್ಟರೆ ಎರಡಕ್ಕೂ ಕೆಲಸವಿರುತ್ತದೆ. ಆದರೆ ಪರೀಕ್ಷಿಸುವ ಪ್ರಯೋಗಾಲಯವೇ ಹತ್ತಿರದಲ್ಲಿಲ್ಲದ ಊರಿನ ಖರೀದಿದಾರನ ವಿಳಂಬವನ್ನು ಯಾವ ಕಡೆ ಸೇರಿಸಬೇಕು? ಈ ವಿಭಜನೆ ಅದಕ್ಕೆ ಇನ್ನೂ ತೃಪ್ತಿಕರ ಉತ್ತರ ಕೊಡುವುದಿಲ್ಲ.