ಕರಗುವ ಸ್ಟೆಂಟ್ (ಹೃದಯ ಧಮನಿಯ ತಾನಾದ ಸೀಳಿನಲ್ಲಿ)

ಕೊಬ್ಬಿನ ಅಡಚಣೆಯೋ ಹೊರಗಿನ ಪೆಟ್ಟೋ ಇಲ್ಲದೆ ಕರೋನರಿ ಧಮನಿಯ ಗೋಡೆ ತಾನಾಗಿ ಸೀಳುವ ಕಾಯಿಲೆಗೆ ವೈದ್ಯರ ಬಳಕೆಯ ಹೆಸರು ಸ್ಕ್ಯಾಡ್. 1931ರಲ್ಲಿ 42 ವರ್ಷದ ಮಹಿಳೆಯೊಬ್ಬರ ಶವಪರೀಕ್ಷೆಯಿಂದ ಇದು ಮೊದಲು ವರದಿಯಾಯಿತು. ರೋಗಿಗಳಲ್ಲಿ ಹೆಚ್ಚಿನವರು ನಡುವಯಸ್ಸಿನ ಮಹಿಳೆಯರು, ಬಾಣಂತಿಯರಲ್ಲೂ ಕಾಣುತ್ತದೆ. ಹೃದಯಾಘಾತವಾಗುವ ವಯಸ್ಸಲ್ಲವೆಂದು ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳುವ ಅಪಾಯ ಇಲ್ಲಿ ಹೆಚ್ಚು.

ಗೋಡೆಯ ಪದರಗಳ ನಡುವೆ ಕಟ್ಟಿಕೊಂಡ ರಕ್ತ ಒಳಕ್ಕೆ ಒತ್ತಿ ರಕ್ತದ ಹಾದಿಯನ್ನು ಇಕ್ಕಟ್ಟಾಗಿಸುತ್ತದೆ. ಬಹುಪಾಲು ಸೀಳುಗಳು ಕೆಲವು ತಿಂಗಳಲ್ಲಿ ತಾವೇ ಮಾಯುವುದರಿಂದ ಔಷಧ ಮತ್ತು ನಿಗಾ ಮೊದಲ ಆಯ್ಕೆ. ಹರಿವು ನಿಂತರೆ ಅಥವಾ ಎದೆನೋವು ಬಿಡದೆ ಕಾಡಿದರೆ ಧಮನಿಯನ್ನು ತೆರೆದಿಡುವ ಜಾಲರಿ ಕೊಳವೆಯಾದ ಸ್ಟೆಂಟಿನ ಯೋಚನೆ ಬರುತ್ತದೆ. ಆದರೆ ಸ್ಟೆಂಟ್ ಅರಳಿಸಿದಾಗ ಕಟ್ಟಿದ ರಕ್ತ ಮುಂದಕ್ಕೆ ಸರಿದು ಸೀಳು ಉದ್ದವಾಗಬಹುದು. ಆ ರಕ್ತ ಇಂಗಿದ ಮೇಲೆ ಧಮನಿ ಹಿಗ್ಗಿ, ಲೋಹದ ಸ್ಟೆಂಟ್ ಗೋಡೆಗೆ ತಾಗದೆ ಉಳಿದುಬಿಡಬಹುದು.

ಗಾರೆ ಒಣಗಿದ ಮೇಲೆ ಬಿಚ್ಚುವ ಸಾರವೆಯಂತೆ, ಧಮನಿ ಮಾಯುವವರೆಗೆ ಆಧಾರವಾಗಿದ್ದು ಮರೆಯಾಗುವ ಸ್ಟೆಂಟ್ ಇದಕ್ಕೆ ಹೇಳಿಮಾಡಿಸಿದಂತಿದೆ. ಪಾಲಿಲ್ಯಾಕ್ಟಿಕ್ ಆಮ್ಲದ ಅಬ್ಸಾರ್ಬ್ ಎಂಬ ಸ್ಟೆಂಟ್ ಸುಮಾರು 3 ವರ್ಷಗಳಲ್ಲಿ ಕರಗುತ್ತಿತ್ತು. ಮೆಗ್ನೀಸಿಯಂನದು ಸುಮಾರು ಒಂದು ವರ್ಷದಲ್ಲಿ. ತರ್ಕವೇನೋ ಸೊಗಸು, ಅನುಭವ ಅಷ್ಟಿಲ್ಲ. 2016ರಲ್ಲಿ ಅಮೆರಿಕದ ಅನುಮತಿ ಪಡೆದ ಅಬ್ಸಾರ್ಬ್‌ನ ಎಳೆಗಳು ದಪ್ಪ, ಸುಮಾರು 150 ಮೈಕ್ರಾನ್; ಸಾಮಾನ್ಯ ರೋಗಿಗಳಲ್ಲಿ ಅದರೊಳಗೆ ರಕ್ತ ಹೆಪ್ಪುಗಟ್ಟುವುದು ಲೋಹದ ಸ್ಟೆಂಟಿಗಿಂತ ಹೆಚ್ಚೆಂದು ತಿಳಿದು, 2017ರಲ್ಲಿ ಮಾರಾಟ ನಿಂತಿತು. ಸ್ಕ್ಯಾಡ್‌ನಲ್ಲಿ ಕರಗುವ ಸ್ಟೆಂಟಿನ ಬಳಕೆಗೆ ಇರುವ ಆಧಾರ ಬಿಡಿ ರೋಗಿಗಳ ವರದಿಗಳು ಮತ್ತು ಸಣ್ಣ ಸರಣಿಗಳು ಮಾತ್ರ.